ಷರಾ

ಮೂರು ವಾರದ ಬಾಕಿ.
ತೊಳೆಯದ ತಟ್ಟೆಗಳ ಹಾಗೆ ಒಂದರ ಮೇಲೊಂದು
ರೋಸ್ಟರ್ ಚೀಟಿಗಳು, ಅಂಚಿನಲ್ಲಿ ನನ್ನದೇ ಅವಸರದ ಅಂಕಿಗಳು,
ಒಂದರ ಮೇಲೆ ಕಾಫಿ ಲೋಟದ ಉಂಗುರ.
ಬೋಲೆಯ ಈ ಮೂರನೇ ಮಹಡಿಯ ಅಡುಗೆಮನೆಯಲ್ಲಿ
ಬಂದ ಕರೆಂಟು ಮತ್ತೆ ಹೋಗುವುದರೊಳಗೆ
ಲಾಗ್‌ಬುಕ್ ತುಂಬಬೇಕು.

"ಹಲ್ಲುಜ್ಜಿದ ಹಾಗೆ, ದಿನಾ ಬರಿ" ಎಂದಿದ್ದರು
ನೆಲ ಬಿಡುವುದನ್ನು ಕಲಿಸಿದ ಕ್ಯಾಪ್ಟನ್ ಗೆಬ್ರೆಯೆಸ್.
"ಕಪ್ಪು ಮಸಿ. ತಪ್ಪಾದರೆ ಅಡ್ಡಕ್ಕೆ ಒಂದೇ ಗೆರೆ.
ಬಿಳಿ ಬಳಿಯಬೇಡ. ಹೊಡೆದು ಹಾಕಿದ್ದೂ
ಓದಲು ಬರಬೇಕು. ಪಕ್ಕದಲ್ಲಿ ಸಹಿ."
(ಅವರ ಹಲ್ಲು ಅಷ್ಟೇನೂ ಚೆನ್ನಾಗಿರಲಿಲ್ಲ.)

ತಾರೀಕು. ಎಲ್ಲಿಂದ. ಎಲ್ಲಿಗೆ.
ಚಕ್ರದ ಅಡ್ಡಗಟ್ಟೆ ತೆಗೆದ ಹೊತ್ತು, ಮತ್ತೆ ಇಟ್ಟ ಹೊತ್ತು.
ಹಗಲು ಇಳಿದದ್ದೆಷ್ಟು, ಇರುಳು ಇಳಿದದ್ದೆಷ್ಟು.
ಕಮಾಂಡಿನಲ್ಲಿದ್ದವರು: ಸ್ವತಃ.
ಕೊನೆಗೆ ಷರಾ, ಬೆರಳುದ್ದದ ಜಾಗ,
ಸಾಮಾನ್ಯವಾಗಿ ಖಾಲಿ.

ಬರೆಯುವುದೆಲ್ಲ ಗ್ರೀನಿಚ್ಚಿನ ಹೊತ್ತು.
ನಮ್ಮ ಮನೆಗಳ ಗಡಿಯಾರ ಸೂರ್ಯನ ಜೊತೆ ಏಳುತ್ತದೆ:
ಬೆಳಗಾಗಿ ಒಂದು ತಾಸಾದರೆ ಒಂದು ಗಂಟೆ.
ಏರ್‌ಪೋರ್ಟಿನ ಗೋಡೆಗೆ ಅದು ಏಳು,
ಲಾಗ್‌ಬುಕ್ಕಿಗೆ ನಾಲ್ಕು.
ವರ್ಷವೂ ಹಾಗೇ, ಲೋಕಕ್ಕಿಂತ ಏಳೆಂಟು ಹಿಂದೆ;
ಹನ್ನೆರಡು ತಿಂಗಳು ಕಳೆದು ಉಳಿದ ಚಿಲ್ಲರೆ ದಿನಗಳಿಗೆ
ಪುಟ್ಟದೊಂದು ಹದಿಮೂರನೇ ತಿಂಗಳು, ಪಾಗುಮೆ.
ಹದಿನಾಲ್ಕು ವರ್ಷ ಮೂರು ಗಡಿಯಾರ ತಲೆಯಲ್ಲಿ
ಹೊತ್ತು ಹೊತ್ತು, ಈಗ ಕೂಡಿ ಕಳೆಯುವುದು
ಬೆರಳೇ.

ಸೆಪ್ಟೆಂಬರ್ ಐದು, ಅಸೋಸಾ. ಆರು, ರಜೆ.
ಏಳು, ದಿರೆ ದಾವಾ, ಹೋಗಿ ಬಂದದ್ದು.
ಕಟ್ಟೆ ಇಟ್ಟದ್ದು ಮೂವತ್ತೈದಕ್ಕೋ, ಮೂವತ್ತಾರಕ್ಕೋ?
ಕೋ-ಪೈಲಟ್ ಹೈಲೆಮಿಕಾಯೆಲನಿಗೆ ಮೆಸೇಜು ಹಾಕಿದೆ.
"ಮೂವತ್ತೈದು, ಮೇಡಂ. ನಾನು ಅವತ್ತೇ ಬರೆದಿಟ್ಟೆ."
ಇಂಥ ಹುಡುಗರು!

ಎಂಟು. ಪಾಗುಮೆ ಮೂರು, ರಫಾಯೇಲನ ಹಬ್ಬ.
ಅವತ್ತಿನ ಮಳೆ ತೀರ್ಥವೆಂದು
ಅಂಗಿ ಕಿತ್ತೆಸೆದು ಮಕ್ಕಳು ಬೀದಿಗೆ ಬೀಳುತ್ತವೆ.
ಜಿಮ್ಮಾದಿಂದ ಗಂಬೇಲಾ.
ತೆಗೆದದ್ದು ಆರು ನಲವತ್ತೊಂದು, ಇಟ್ಟದ್ದು ಏಳು ಮೂವತ್ತೆರಡು.
ಐವತ್ತೊಂದು ನಿಮಿಷ. ಇಳಿದದ್ದು ಒಂದು, ಹಗಲು.

ಅವತ್ತು ಸಂಜೆ ದೆಬ್ರೆ ಬಿರ್ಹಾನಿನಿಂದ ಚಿಕ್ಕಮ್ಮ ಯೆಶಿಯ ಫೋನು:
"ಹಗಲು ನಾಲ್ಕು ಗಂಟೆಗೆ, ಫ್ರೆಹಿವೊತ್.
ಬೀದಿಯಲ್ಲಿ ಮಕ್ಕಳ ಗಲಾಟೆ ಕೇಳಿ, ನೋಡಬೇಕು ಅಂತ
ಕಿಟಕಿಗೆ ಕುರ್ಚಿ ಎಳೆಸಿಕೊಂಡಳು. ಅಷ್ಟೇ."

ಹಗಲು ನಾಲ್ಕು.
ಗೋಡೆಗೆ ಹತ್ತು.
ಇಲ್ಲಿಗೆ, ಏಳು.

ಮೂರು ದಿನ ಡೇರೆಯಡಿ ಕೂತು ಬಂದವರಿಗೆಲ್ಲ
"ಕೆಲಸದಲ್ಲಿದ್ದೆ" ಎಂದೆ. ಇದನ್ನು ಕಳೆದು ನೋಡಿರಲಿಲ್ಲ.
ಕಟ್ಟೆ ತೆಗೆದು ಹತ್ತೊಂಬತ್ತು ನಿಮಿಷ.
ಅಂದರೆ ಮೋಡ ದಾಟಿ ಮೇಲೆ; ಬಿಸಿಲು ಕಣ್ಣಿಗೆ ಹೊಡೆದು
ಕಪ್ಪು ಕನ್ನಡಕಕ್ಕೆ ತಡಕಾಡುತ್ತಿದ್ದೆ.
ಅದು ನನ್ನ ಹಣೆಯ ಮೇಲೇ ಇತ್ತು. ಹುಡುಗ ನಕ್ಕ. ನಾನೂ ನಕ್ಕೆ.

ಕಂಬಳಿ ಕಾರ್ಖಾನೆಯಲ್ಲಿ ಇಪ್ಪತ್ತೊಂಬತ್ತು ವರ್ಷ
ಗೇಟಿನಲ್ಲಿ ಹಾಜರಿ ಕಾರ್ಡು ಒತ್ತಿಸಿದವಳು
ನನ್ನ ಮೊದಲ ಲಾಗ್‌ಬುಕ್ಕನ್ನು ತಿರುವಿ ಹಾಕಿ ಕೇಳಿದ್ದಳು:
"ಹಾರಿದ್ದಕ್ಕೆಲ್ಲ ಲೆಕ್ಕ ಇದೆ.
ನೆಲದ ಮೇಲೆ ಕಾದದ್ದನ್ನು ಎಲ್ಲಿ ಬರೀತಾರೆ?"

ಷರಾದಲ್ಲಿ ಕೈ ತಾನಾಗಿ ಬರೆಯಿತು: ಅಮ್ಮ.
ಇದು ಹವಾಮಾನವಲ್ಲ, ಯಂತ್ರದೋಷವಲ್ಲ,
ಲೈಸೆನ್ಸ್ ನವೀಕರಣಕ್ಕೆ ಹೋದರೆ ಇನ್‌ಸ್ಪೆಕ್ಟರ್ ಕೇಳುತ್ತಾನೆ.
ಸ್ಕೇಲಿಟ್ಟು ಅಡ್ಡಕ್ಕೆ ಗೆರೆ ಎಳೆದೆ, ಒಂದೇ.
ಪಕ್ಕದಲ್ಲಿ ಸಹಿ.
ಓದಲು ಬರುತ್ತದೆ.

ಪುಟ ತುಂಬಿತು. ಕೂಡಿದೆ, ಕೆಳಗಿನಿಂದ ಮತ್ತೆ ಕೂಡಿದೆ:
ಏಳು ಸಾವಿರದ ಇನ್ನೂರ ಎಂಟು ಗಂಟೆ, ನಲವತ್ತು ನಿಮಿಷ.
ಇಷ್ಟು ಹೊತ್ತನ್ನೂ ಹೊತ್ತು
ಮುಂದಿನ ಪುಟದ ನೆತ್ತಿಯ ಮೇಲಿಡಬೇಕು.
ಕರೆಂಟು ಹೋಯಿತು.
ಮೊಬೈಲಿನ ಬೆಳಕಲ್ಲಿ, ಹೊಸ ಪುಟದ ಮೊದಲ ಸಾಲು:
ಸೆಪ್ಟೆಂಬರ್ ಎಂಟು.
ಗಂಬೇಲಾದಿಂದ ಅಡಿಸ್ ಅಬಾಬಾ.